ಹುಳದ ಮನೆಯ ಕಾವಲು

ಸುಗಟೂರಿನ ನಮ್ಮ ರೇಷ್ಮೆ ಹುಳದ ಮನೆಗೆ ನನ್ನ ಅತ್ತೆಯೇ ಕಾವಲು. ಒಳಗೆ ಹೋಗುವವರು ಯಾರೇ ಆಗಲಿ, ಬಾಗಿಲಲ್ಲೇ ಅವರ ಅಂಗೈ ಮೂಸಿ ನೋಡುತ್ತಾರೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹಿಪ್ಪುನೇರಳೆ ಎಲೆ ಹಾಕಿದರೆ ಹುಳ ವಾಂತಿ ಮಾಡಿಕೊಂಡು ಸಾಯುತ್ತವೆ. ಬೀಡಿ ವಾಸನೆ ಬಂತೆಂದು ಸ್ವಂತ ಗಂಡನನ್ನೇ ಸೋಪು ಕೊಟ್ಟು ನಲ್ಲಿಗೆ ಅಟ್ಟಿದವರು ಅವರು.

ಇಂಥವರ ಸೊಂಟದ ಸಂಚಿಯಲ್ಲೇ ಹೊಗೆಸೊಪ್ಪು. ಸಂಚಿಯನ್ನು ಹೊರಗಿನ ಗೂಟಕ್ಕೆ ನೇತುಹಾಕಿ, ಬಾಯಿ ಮುಕ್ಕಳಿಸಿ, ಕೈ ತಿಕ್ಕಿ ತೊಳೆದು ಒಳಗೆ ಹೋಗುವರು. ಮೇವು ಹಾಕಿ ಹೊರಬಂದ ತಕ್ಷಣ ಮತ್ತೆ ಕೆನ್ನೆಯೊಳಗೆ ಒಂದು ಚೂರು.

ಹೋದ ವರ್ಷ ಆ ಕೆನ್ನೆಯೊಳಗೆ ಬಿಳಿ ಮಚ್ಚೆ ಕಾಣಿಸಿತು. ಸಾರಿನ ಖಾರ ತಾಕಿದರೆ ಉರಿ. ಬಸ್ಸು ಹತ್ತಿಸಿಕೊಂಡು ಕೋಲಾರಕ್ಕೆ ಕರೆದೊಯ್ದೆ. ಹೊಗೆಸೊಪ್ಪು ಈಗಲೇ ಬಿಟ್ಟರೆ ಮಚ್ಚೆ ಹೋಗಬಹುದು, ಬಿಡದಿದ್ದರೆ ಕ್ಯಾನ್ಸರಿಗೆ ತಿರುಗಬಹುದು ಎಂದರು ಡಾಕ್ಟರು. ಅತ್ತೆ ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ಬಸ್‌ಸ್ಟ್ಯಾಂಡಿಗೆ ಬಂದವರೇ ಸಂಚಿ ಬಿಚ್ಚಿದರು.

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಭಯವೇ ಹೆಚ್ಚು. ಮರುದಿನ ಹುಳದ ಮನೆಯ ಮುಂದೆ ಅವರು ಕೈ ತೊಳೆಯುತ್ತಿದ್ದಾಗ, ಹುಳಕ್ಕೆ ಆಗದ್ದು ನಿಮ್ಮ ಬಾಯಿಗೆ ಹೇಗೆ ಆಗುತ್ತೆ ಎಂದು ಕೇಳಿಯೇಬಿಟ್ಟೆ.

"ಹುಳ ಕಾಯೋಕೆ ನಾನಿದೀನಿ ಕಣೇ," ಅಂದರು. "ನನ್ನ ಕಾಯೋರು ಯಾರವ್ರೆ?"

ಗೂಟದಲ್ಲಿದ್ದ ಸಂಚಿ ತೆಗೆದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅತ್ತೆಗೆ ಕೋಪ ನೆತ್ತಿಗೇರಿದರೆ ತೆಲುಗು ಬರುತ್ತದೆ. ಆ ತಿಂಗಳು ನಾನು ಕಲಿತ ತೆಲುಗು ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ. ತಲೆನೋವು ಅಂದರು, ನಿದ್ದೆಯಿಲ್ಲ ಅಂದರು, ಬಾಯಿ ಸುಮ್ಮನಿರದೆ ಹುರಿಗಡಲೆ ಡಬ್ಬ ಖಾಲಿ ಮಾಡಿದರು. ನಾನೂ ಬಿಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಅವರ ಅಂಗೈ ಮೂಸಿದೆ. ಸಿಕ್ಕಿಬಿದ್ದ ದಿನ, ಅವರದೇ ಸೋಪು ಅವರ ಕೈಗೆ ಕೊಟ್ಟೆ. ಮಾವ ಪೇಪರ್ ಅಡ್ಡ ಹಿಡಿದು ನಗುತ್ತಿದ್ದರು.

ಆ ಹುಳ ಗೂಡು ಕಟ್ಟಿ, ಮುಂದಿನ ಬೆಳೆಯೂ ಮುಗಿದ ಮೇಲೆ ಮತ್ತೆ ಕೋಲಾರಕ್ಕೆ ಹೋದೆವು. ಡಾಕ್ಟರು ಟಾರ್ಚ್ ಹಾಕಿ ನೋಡಿ, ಮಚ್ಚೆ ತೆಳುವಾಗಿದೆ, ಆದರೂ ಆಗಾಗ ತೋರಿಸುತ್ತಿರಿ ಎಂದರು. ನಾನು ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮನೆಗೆ ಬಂದು ಮುದ್ದೆ, ಬಸ್ಸಾರು ಬಡಿಸಿದೆ. ಅತ್ತೆ ಒಂದು ತುತ್ತು ನುಂಗಿ ತಟ್ಟೆಯನ್ನೇ ನೋಡಿದರು.

"ಸಾರಿಗೆ ಉಪ್ಪು ಜಾಸ್ತಿ ಕಣೇ. ಮೊದಲಿಂದಾನೂ ಹಿಂಗೇನಾ?"

ಮದುವೆಯಾಗಿ ಬಂದಾಗಿನಿಂದ ಅಷ್ಟೇ ಉಪ್ಪು ಹಾಕುತ್ತಿದ್ದೇನೆ. ಹೊಗೆಸೊಪ್ಪು ಬಿಟ್ಟ ಅವರ ನಾಲಿಗೆಗೆ ಅದು ತಿಳಿದದ್ದು ಅವತ್ತೇ. ಮುಖ ಊದಿಸಿಕೊಂಡು ಒಳಗೆ ಹೋಗಿ, ಒಲೆಯ ಮುಂದೆ ನಿಂತು ಒಬ್ಬಳೇ ನಕ್ಕೆ.