ಹೋಹೆಪಾನ ಸಿಳ್ಳೆ

ಹೋಹೆಪಾನನ್ನು ನಾನು ಮೊದಲು ಕಂಡದ್ದು ನನ್ನ ಗಂಡ ತೀರಿಕೊಂಡ ಮರುವರ್ಷ, ಒಂದು ಮಂಗಳವಾರ. ಆರು ಇಲಿಬೋನು ಹೊತ್ತು ನಮ್ಮ ಬೇಲಿಯ ಬಳಿ ನಿಂತಿದ್ದ. ಕಾಡಿಗೆ ನಮ್ಮ ಕುರಿಗಳ ಹುಲ್ಲುಗಾವಲೇ ಹತ್ತಿರದ ದಾರಿ.

"ಹಿಂಗೇ ಹಾದು ಹೋಗ್ಲಾ ಅಕ್ಕಾ? ಕೋಕಾಕೊ ಹಕ್ಕಿ ಮೊಟ್ಟೆನೆಲ್ಲ ಇಲಿಗಳು ತಿಂದು ಮುಗಿಸ್ತಿವೆ."

"ಗೇಟು ಹಾಕ್ಕೊಂಡು ಹೋಗೋದಾದ್ರೆ ಹೋಗು" ಎಂದೆ.

ಹನ್ನೊಂದು ವರ್ಷದಲ್ಲಿ ಅವನು ಒಮ್ಮೆಯೂ ಗೇಟು ತೆರೆದಿಟ್ಟು ಹೋಗಲಿಲ್ಲ. ಎರಡನೆಯ ವರ್ಷದಿಂದ ನಾನೂ ಜೊತೆಗೆ ಹೊರಟೆ. ನನಗೆ ಓದುಬರಹ ಅಷ್ಟಕ್ಕಷ್ಟೇ. ಲೆಕ್ಕದ ಪುಸ್ತಕದಲ್ಲಿ ಇಲಿ ಬಿದ್ದರೆ ಅಡ್ಡಗೀಟು, ಹಕ್ಕಿಯ ದನಿ ಕೇಳಿದರೆ ಉದ್ದಗೀಟು ಎಳೆಯುತ್ತಿದ್ದೆ.

ಕೋಕಾಕೊ ಬೂದುಬಣ್ಣದ ಹಕ್ಕಿ, ಗಲ್ಲದ ಕೆಳಗೆ ಎರಡು ನೀಲಿ ಜೋಲು. ಬೆಳಕು ಹರಿಯುವಾಗ ಗಂಡು ಹೆಣ್ಣು ಸೇರಿ ಹಾಡುತ್ತವೆ. ಒಂದು ಬಿಟ್ಟಲ್ಲಿಂದ ಇನ್ನೊಂದು ಎತ್ತಿಕೊಳ್ಳುತ್ತದೆ. ವಸಂತದಲ್ಲಿ ಅದನ್ನು ಕೇಳಿಯೇ ನಾವು ಎಣಿಸುವುದು. ನಮ್ಮ ಕಣಿವೆಯಲ್ಲಿ ಉಳಿದದ್ದು ಒಂದೇ ಜೋಡಿ. ಒಂಟಿ ಹಕ್ಕಿಯಾದರೆ ಜೋಡಿ ಕೂಡಿಸಲೆಂದು ಹಕ್ಕಿ ಕಾಯುವವರು ಹಿಡಿದು ಬೇರೆ ಕಾಡಿಗೆ ಒಯ್ಯುತ್ತಾರೆ, ಕಣಿವೆ ಮೂಕವಾಗುತ್ತದೆ.

ಹೋದ ವಸಂತದಲ್ಲಿ ಹೋಹೆಪಾ ದಿಣ್ಣೆಯ ಮೇಲೆ ನಿಲ್ಲುತ್ತಿದ್ದ, ನಾನು ಕೆಳಗೆ ಹೊಳೆಯ ಬಳಿ. ಒಂಬತ್ತು ಬೆಳಗು ಎರಡು ದನಿ ಕೇಳಿ ಎರಡೆರಡು ಉದ್ದಗೀಟು ಎಳೆದೆ. ಹತ್ತನೆಯ ಬೆಳಗು ಒಂದೇ ದನಿ. ಹಿಂದಿನ ದಿನ ಹೋಹೆಪಾ ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡಿದ್ದ.

ಚಹಾ ಬಗ್ಗಿಸಿಕೊಡುತ್ತ ಕೇಳಿದೆ, "ಇವತ್ತು ಸಿಳ್ಳೆ ಹಾಕಕ್ಕೆ ಬರ್ಲಿಲ್ವಾ?"

ಅವನು ಲೋಟ ಕೆಳಗಿಟ್ಟ. "ಹೆಣ್ಣು ಹಕ್ಕಿ ಕಾಣದೆ ಎರಡು ವರ್ಷ ಆಯ್ತಕ್ಕಾ. ಗಂಡು ಅರ್ಧ ಹಾಡಿ ನಿಲ್ಲಿಸಿ ಕಾಯೋದು. ಕೇಳಕ್ಕಾಗ್ಲಿಲ್ಲ. ಮಿಕ್ಕಿದ್ದು ನಾನು ಹಾಡ್ದೆ."

"ಅಂದ್ರೆ ನಾನು ಗೀಟು ಎಳೆದಿದ್ದು ನಿಂಗೆ."

"ಯಾರಿಗೂ ಹೇಳ್ಬೇಡ. ಒಂದೇ ಅಂತ ಗೊತ್ತಾದ್ರೆ ಹಿಡ್ಕೊಂಡು ಹೋಗ್ತಾರೆ."

"ಹೋದ್ರೆ ಅದಕ್ಕೊಂದು ಜೋಡಿ ಸಿಗತ್ತೆ. ಇಲ್ಲೇ ಇದ್ರೆ ಮೊಟ್ಟೆ ಯಾರಿಡ್ತಾರೆ, ನೀನಾ?"

ನಮ್ಮ ಮಾವೊರಿ ಜನ ಸೇರುವ ಮರಾಯೆಯಲ್ಲಿ ಆ ವಾರ ಸಭೆಯಿತ್ತು. ಅವನೇ ಎದ್ದು ನಿಂತು ಹೇಳಿದ. ಯಾರೂ ಬೈಯಲಿಲ್ಲ. ಅವನ ತಂಗಿ ಮಾತ್ರ, "ನಮ್ಮಣ್ಣ ಮದ್ವೆ ಬೇಡ ಅಂದಿದ್ದು ಇದಕ್ಕೇನಾ" ಎಂದಳು. ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ಆ ಒಂಬತ್ತು ಗೀಟನ್ನೂ ಹಿಂದಿನ ವಸಂತದ ಅವನ ಗೀಟುಗಳನ್ನೂ ಹೊಡೆದುಹಾಕಿದೆ.

ಉತ್ತರದ ಕಾಡೊಂದರಲ್ಲಿ ಒಂಟಿ ಹೆಣ್ಣುಗಳಿದ್ದವು. ಅಲ್ಲಿಯವರು ಬಂದು ಬಲೆ ಕಟ್ಟಿ, ತಮ್ಮ ಕಾಡಿನ ಹಾಡನ್ನು ಯಂತ್ರದಲ್ಲಿ ಹಾಕಿದರು. ನಮ್ಮ ಹಕ್ಕಿ ತಿರುಗಿಯೂ ನೋಡಲಿಲ್ಲ. ಒಂದೊಂದು ಕಾಡಿನ ಕೋಕಾಕೊಗೆ ಒಂದೊಂದು ಧಾಟಿ. ಮೂರನೆಯ ಬೆಳಗು ಹೋಹೆಪಾ ಬಲೆಯ ಹಿಂದೆ ಕುಳಿತು ಸಿಳ್ಳೆ ಹಾಕಿದ. ಹಕ್ಕಿ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ ನೇರ ಅವನ ಕಡೆಗೇ ಬಂತು. ಬಲೆಯಿಂದ ಬಿಡಿಸುವಾಗ ಅವನು ಮುಖ ತಿರುಗಿಸಿಕೊಂಡಿದ್ದ.

ಮುಂದಿನ ಚಳಿಗಾಲದಲ್ಲಿ ಅವನಿಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಆಲೂಗಡ್ಡೆ ಹುದುಗಿಸಿ ಮಾಡಿದ ಬ್ರೆಡ್ಡು ಒಯ್ದಿದ್ದೆ. ಒಂದು ಚೂರು ಮುರಿದು ಕೈಯಲ್ಲೇ ಇಟ್ಟುಕೊಂಡ. ಹಕ್ಕಿ ಚೆನ್ನಾಗಿದೆಯಂತೆ, ಹಣ್ಣು ತಿನ್ನುತ್ತಿದೆಯಂತೆ ಎಂದೆ.

"ಅಲ್ಲಿ ಹೆಣ್ಣುಗಳಿಗೆ ಅದರ ಮಾತು ತಿಳಿಯತ್ತಾ ಅಕ್ಕಾ?" ಎಂದು ಕೇಳಿದ.