ಹುಳುವಿನ ಮನೆಯಲ್ಲಿ ನನ್ನ ರಾತ್ರಿಯುಡುಪು

ಪರಸ್ಥಳಕ್ಕೆ ಹೊರಟವರ ಚೀಲದೊಳಗೆ ಕಟ್ಟಕಡೆಗೆ ಸೇರುವ, ಸೇರುವ ಮೊದಲು ನಾಲ್ಕು ಸಲ ಒಳಗೆ ಹೋಗಿ ನಾಲ್ಕು ಸಲವೂ ಹೊರಗೆ ಬರುವ ವಸ್ತು ಯಾವುದೆಂದು ಯಾರಾದರೂ ಕೇಳಿದರೆ, ರಾತ್ರಿ ಮಲಗುವಾಗ ಉಡುವ ಬಟ್ಟೆ ಎಂದು ನಾನು ಕ್ಷಣವೂ ಯೋಚಿಸದೆ ಹೇಳಿಬಿಡುತ್ತೇನೆ. ಹಗಲಿನ ಉಡುಪಿಗಾದರೆ ಶಾಸ್ತ್ರವಿದೆ, ಸಂಪ್ರದಾಯವಿದೆ. ಮದುವೆಗೆ ಇಂಥದು, ಸಾವಿನ ಮನೆಗೆ ಇಂಥದು, ಸಾಹೇಬರ ಮುಂದೆ ನಿಲ್ಲುವುದಕ್ಕೆ ಇಂಥದು ಎಂದು ಹಿಂದಿನವರೇ ಗೊತ್ತುಮಾಡಿಟ್ಟಿದ್ದಾರೆ. ನಿದ್ರೆಯ ಉಡುಪಿನ ವಿಷಯದಲ್ಲಿ ಮಾತ್ರ ಸಕಲ ಶಾಸ್ತ್ರಕಾರರೂ ಮೌನ. ಬಹುಶಃ ಅವರೆಲ್ಲ ತಂತಮ್ಮ ಮನೆಗಳಲ್ಲೇ ಮಲಗುತ್ತಿದ್ದರೆಂದು ಕಾಣುತ್ತದೆ. ಸ್ವಂತ ಮನೆಯಲ್ಲಿ ಏನನ್ನು ಉಟ್ಟು ಮಲಗುತ್ತೇವೆಂಬುದು ನಮಗೂ ನಮ್ಮ ಹಾಸಿಗೆಗೂ ಸೇರಿದ ಗುಟ್ಟು. ಅದೇ ಬಟ್ಟೆ ಇನ್ನೊಬ್ಬರ ಮನೆಯಲ್ಲಿ ಬಹಿರಂಗ ಪ್ರಕಟಣೆ. ತೀರ ಹಳೆಯದನ್ನು ಒಯ್ದರೆ ಪಾಪ ಎನ್ನುತ್ತಾರೆ, ತೀರ ಹೊಸದನ್ನು ಒಯ್ದರೆ ಮಲಗುವುದಕ್ಕೂ ಇಷ್ಟು ಶೃಂಗಾರವೇ ಎನ್ನುತ್ತಾರೆ. ಈ ಸಂಕಟವನ್ನು ನೀವೂ ಉಂಡವರೇ ಎಂಬ ಧೈರ್ಯದಿಂದ ಮುಂದುವರಿಯುತ್ತೇನೆ.

ನನಗೆ ಈ ಸಂಕಟ ಉದ್ಯೋಗದ ಜೊತೆಜೊತೆಗೇ ಬಂತು. ರಾಮನಗರದಿಂದ ಕನಕಪುರದವರೆಗೆ, ಚನ್ನಪಟ್ಟಣದಿಂದ ಮಾಗಡಿಯವರೆಗೆ ರಾಗಿಯ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗಿ ರೂಪಾಂತರ ಹೊಂದುತ್ತಿದ್ದ ಕಾಲವದು. ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲದಂತೆ ರೇಷ್ಮೆಗೂಡಿನ ಮೂಟೆಗಳು, ಇಬ್ಬರು ಸೇರಿದರೆ ಮಕ್ಕಳ ಯೋಗಕ್ಷೇಮಕ್ಕಿಂತ ಮೊದಲು ಹುಳುವಿನ ಯೋಗಕ್ಷೇಮ. ಹೊಸದಾಗಿ ಹುಳು ಸಾಕುವ ಹೆಂಗಸರಿಗೆ ಸಾಕುವ ಕ್ರಮವನ್ನು ಮನೆಮನೆಗೆ ಹೋಗಿ ಹೇಳಿಕೊಡುವುದು ನನ್ನ ಸರ್ಕಾರಿ ಕೆಲಸ. ಹಳ್ಳಿಯವರ ಬಾಯಲ್ಲಿ ನಾನು ‘ಉಳದ ಮೇಡಮ್ಮ’. ಪದವಿ ಪಡೆದು ಇಷ್ಟು ಕಿರಿದಾದ ಜೀವಿಯ ಹೆಸರಿನಿಂದ ಇಷ್ಟು ದೊಡ್ಡ ಗೌರವ ಗಳಿಸಿದವಳು ನಮ್ಮ ವಂಶದಲ್ಲಿ ನಾನೊಬ್ಬಳೇ. ಸಂಜೆಯ ಬಸ್ಸು ತಪ್ಪಿದರೆ ಹೋದ ಮನೆಯಲ್ಲೇ ಊಟ, ಅಲ್ಲೇ ನಿದ್ದೆ; ಸಂಜೆಯ ಬಸ್ಸು ವಾರಕ್ಕೆರಡು ಸಲವಾದರೂ ತಪ್ಪುತ್ತಿತ್ತು.

ಮೊದಮೊದಲು ನಾನು ಹಗಲಿನ ಸೀರೆಯಲ್ಲೇ ಮಲಗುವ ಸನ್ಮಾರ್ಗ ಹಿಡಿದೆ. ಸಾವನದುರ್ಗದ ಹೆಬ್ಬಂಡೆಯ ಬುಡದ ಒಂದು ಮನೆಯಲ್ಲಿ ಗಂಜಿ ಹಾಕಿದ ಸೀರೆಯ ನೆರಿಗೆ ಕೆಡದಂತೆ ಇಡೀ ರಾತ್ರಿ ಮಗ್ಗುಲು ಬದಲಿಸದೆ ಆ ಬಂಡೆಯಷ್ಟೇ ನಿಶ್ಚಲಳಾಗಿ ಮಲಗಿದ್ದರೂ ಬೆಳಗ್ಗೆ ಸೀರೆಯ ತುಂಬ ಸುಕ್ಕು, ಸೊಂಟದ ಸುತ್ತ ಪಿನ್ನಿನ ಗಾಯ. ಮುಂದೆ ಕನಕಪುರದ ಕಡೆ ಲಂಗದ ಮೇಲೊಂದು ದೊಡ್ಡ ಶಾಲು ಹೊದ್ದು ಮಲಗಿದೆ. ಬೆಳಗಿನ ಜಾವ ಹಸು ಹಗ್ಗ ಬಿಚ್ಚಿಕೊಂಡು ಸೊಪ್ಪಿನ ತೋಟಕ್ಕೆ ನುಗ್ಗಿತೆಂದು ಮನೆಯವರೆಲ್ಲ ಓಡಿದಾಗ ಕರ್ತವ್ಯಪ್ರಜ್ಞೆಯಿಂದ ನಾನೂ ಓಡಿದೆ. ಶಾಲಿಗೆ ಅಂಥ ಪ್ರಜ್ಞೆ ಇಲ್ಲದ್ದರಿಂದ ಅದು ಹಾಸಿಗೆಯಲ್ಲೇ ಉಳಿಯಿತು. ಆ ಹಳ್ಳಿಗೆ ಮತ್ತೆ ಹೋಗುವುದಕ್ಕೆ ನನಗೆ ಮೂರು ತಿಂಗಳ ಧೈರ್ಯ ಬೇಕಾಯಿತು.

ಈ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕವರು ರಾಮನಗರದಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಜಮೀಲಾ ಆಪಾ. ಅವರ ಮನೆಯವರು ಗೂಡಿನಿಂದ ನೂಲು ತೆಗೆಯುವ ರೀಲರುಗಳು. ಆಪಾ ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂತು ಊರಿನ ಹೆಂಗಸರ ಅಳತೆಗಳನ್ನೆಲ್ಲ ಬಲ್ಲವರಾಗಿದ್ದರು. ಒಂದೇ ಮಧ್ಯಾಹ್ನದಲ್ಲಿ ನೇರಳೆ ಬಣ್ಣದ ಹೂಗಳಿದ್ದ ಬಟ್ಟೆಯಲ್ಲಿ ನನಗೊಂದು ನೈಟಿ ಹೊಲಿದು ಕೈಗಿತ್ತರು. “ತಗೋಳಿ ಮೇಡಂ, ಇದು ಹಾಕ್ಕೊಂಡು ಯಾರ್ ಮನೆಗೆ ಬೇಕಾದ್ರೂ ಹೋಗಿ. ಕುತ್ತಿಗೆಯಿಂದ ಕಾಲ್ ತನಕ ಪೂರಾ ಬಂದೋಬಸ್ತ್!” ಎಂದರು. ಅಷ್ಟು ಪ್ರೀತಿಯ ವಸ್ತುವನ್ನು ದಿನವೂ ಉಟ್ಟು ಸವೆಸುವುದುಂಟೆ? ಪ್ರಯಾಣಕ್ಕೆಂದೇ ಮೀಸಲಿಟ್ಟು, ಜಿರಳೆ ನುಸಿಗಳ ಬಾಯಿಗೆ ಬೀಳದಿರಲೆಂದು ಟ್ರಂಕಿನ ತಳದಲ್ಲಿ ಮಡಿಸಿ, ಸುತ್ತಲೂ ಡಾಂಬರು ಗುಳಿಗೆಗಳನ್ನು ಹರಡಿದೆ. ಒಂದು ಗುಳಿಗೆ ಸಾಕಾಗುವಲ್ಲಿ ಆರು ಹಾಕುವುದು ನನ್ನ ಪ್ರೀತಿಯ ಪದ್ಧತಿ. ಟ್ರಂಕು ನನ್ನ ತಲೆದೆಸೆಯಲ್ಲೇ ಇರುತ್ತಿದ್ದುದರಿಂದ ಆ ವಾಸನೆ ನನ್ನ ಮೂಗಿಗೆ ಎಂದೋ ನೆಂಟನಾಗಿಬಿಟ್ಟಿತ್ತು.

ಆ ನೈಟಿಯ ಚೊಚ್ಚಲ ಪ್ರಯಾಣ ಸಾಕಮ್ಮನ ಮನೆಗೆ, ವಿರೂಪಾಕ್ಷಿಪುರದ ಕಡೆಯ ಒಂದು ಹಳ್ಳಿಗೆ. ಅವರದು ಕುರಿ ಸಾಕುವ ಮನೆತನ. ಗಂಡ ಕುರಿಗಳ ಜೊತೆ ಹೊಲದಲ್ಲೇ ಮಲಗುತ್ತಿದ್ದ; ಮನೆಯಲ್ಲಿ ಸಾಕಮ್ಮ, ಅವಳ ಅತ್ತೆ ಚಿಕ್ಕತಾಯಮ್ಮ, ಮತ್ತು ಹದಿನಾಲ್ಕು ತಟ್ಟೆಗಳ ತುಂಬ ಹುಳು. ತಾನೂ ಹುಳು ಸಾಕುತ್ತೇನೆಂದು ಸೊಸೆ ಹಟ ಹಿಡಿದಾಗ ಅತ್ತೆ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ಮೊದಲನೆಯ ಸಲ ಹಾಲುತೊಂಡೆ ರೋಗ ಬಂದು ಹುಳುವೆಲ್ಲ ಕೊಳೆತುಹೋಯಿತು. ಎರಡನೆಯ ಸಲ ಸುಣ್ಣಕಟ್ಟು ರೋಗ ಬಂದು ಬೆಳ್ಳಗೆ ಸೆಟೆದುಕೊಂಡಿತು. ಇದು ಮೂರನೆಯದು. ಇದೂ ಕೈಕೊಟ್ಟರೆ ತಟ್ಟೆಗಳೆಲ್ಲ ಅಟ್ಟಕ್ಕೆ, ಸೊಸೆ ಕುರಿಯ ಹಿಂದಕ್ಕೆ ಎಂದು ಚಿಕ್ಕತಾಯಮ್ಮ ನನ್ನೆದುರಿಗೇ ತೀರ್ಪು ಕೊಟ್ಟರು.

“ಕುರಿ ಆದ್ರೆ ಕೂಗುದ್ರೆ ಬತ್ತದೆ ಮೇಡಮ್ಮ. ಈ ಉಳ ಯಾರ್ ಮಾತ್ ಕೇಳ್ತದೆ? ನಡುಮನೇನ ಅದ್ಕೇ ಬುಟ್ಕೊಟ್ಟು ನಾನು ಜಗಲಿ ಸೇರ್ಕಂಡಿವ್ನಿ. ಇದೊಂದ್ ಸಲ ನೋಡ್ತೀನಿ, ಅಷ್ಟೇಯ.”

ಸೊಪ್ಪು ಕತ್ತರಿಸುತ್ತಿದ್ದ ಸಾಕಮ್ಮನ ಕುಡುಗೋಲು ತುಸು ಜೋರಾಯಿತು. ಆ ಹುಡುಗಿಗೆ ಅಕ್ಷರ ಬಾರದು, ಆದರೆ ನಾನು ಹೇಳಿದ್ದೆಲ್ಲ ಬಾಯಿಪಾಠ. ಹುಳುವಿಗೆ ಗಾಟು ವಾಸನೆ ವಿಷವೆಂದು ನಾನು ಹಿಂದೊಮ್ಮೆ ಒಪ್ಪಿಸಿದ್ದ ಪಟ್ಟಿಯನ್ನು ಆ ಮಧ್ಯಾಹ್ನ ನನಗೇ ತಿರುಗಿ ಒಪ್ಪಿಸಿದಳು: ಬೀಡಿ ಕೂಡದು, ಊದುಗಡ್ಡಿ ಕೂಡದು, ಮೀನು ಹುರಿಯಕೂಡದು, ಪೌಡರು ಕೂಡದು, ಡಾಂಬರು ಗುಳಿಗೆ ಕೂಡದು. ಶಿಷ್ಯೆಯ ಜ್ಞಾಪಕಶಕ್ತಿಗೆ ನಾನು ಹೆಡ್ ಮಾಸ್ತರರಂತೆ ತಲೆದೂಗಿದೆ. ಹುಳು ಆಗತಾನೆ ನಾಲ್ಕನೆಯ ಜ್ವರದಿಂದ ಎದ್ದಿತ್ತು. ಪೊರೆ ಬಿಡುವ ಮೊದಲು ಅದು ಮೇವು ಬಿಟ್ಟು ಸುಮ್ಮನಾಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಹುಟ್ಟಿದಂದಿನಿಂದ ನಾಲ್ಕು ಅಂಗಿಗಳನ್ನು ಬಿಚ್ಚಿ ಬಿಸಾಡಿ, ಕೊನೆಯ ನಿದ್ದೆಗೆ ಬೇಕಾದ ಉಡುಪನ್ನು ತನ್ನ ಬಾಯಿಂದಲೇ ನೇಯ್ದುಕೊಳ್ಳುವ ಈ ಪ್ರಾಣಿಯನ್ನು ಕಂಡರೆ ನನಗೆ ಸಣ್ಣ ಅಸೂಯೆ. ಇನ್ನೊಂದು ವಾರ ಹೊಟ್ಟೆತುಂಬ ತಿಂದರೆ ಗೂಡು ಕಟ್ಟುತ್ತದೆ, ಸಾಕಮ್ಮ ಗೆಲ್ಲುತ್ತಾಳೆ.

ಬಸ್ಸು ಎಂದಿನಂತೆ ತಪ್ಪಿತು. ಊಟವಾದ ಮೇಲೆ ಮನೆಯ ಅತ್ಯುತ್ತಮ ಜಾಗವಾದ ನಡುಮನೆಯಲ್ಲಿ, ತಟ್ಟೆಗಳ ಎರಡು ಸಾಲಿನ ನಡುವೆ ನನಗೆ ಹಾಸಿಗೆ ಹಾಸಿದರು. ಹುಳುವಿನ ಪಕ್ಕದಲ್ಲಿ ಮಲಗಿಸುವುದು ಆ ಮನೆಗಳಲ್ಲಿ ನೆಂಟರಿಗೆ ಸಲ್ಲುವ ದೊಡ್ಡ ಮರ್ಯಾದೆ. ನಾನು ನೇರಳೆ ಹೂಗಳ ನೈಟಿ ತೊಟ್ಟು ಹೊರಬಂದಾಗ ಸಾಕಮ್ಮ ಸೆರಗು ಬಾಯಿಗಿಟ್ಟು ನಕ್ಕಳು, ಜಗಲಿಯಿಂದಲೇ ಕಂಡ ಚಿಕ್ಕತಾಯಮ್ಮ, “ರಾಗಿ ಚೀಲ ಇದ್ದಂಗೈತೆ. ಆದ್ರೂ ವಾಸಿ, ಕಟ್ಟಂಗಿಲ್ಲ ಬಿಚ್ಚಂಗಿಲ್ಲ,” ಎಂದರು. ಈ ಪ್ರಶಸ್ತಿಯಿಂದ ಹಿಗ್ಗಿದ ನಾನು ಮಲಗುವ ಮುನ್ನ ಒಮ್ಮೆ ಹುಳು ಪರೀಕ್ಷಿಸೋಣವೆಂದು ಒಂದೊಂದು ತಟ್ಟೆಯ ಮೇಲೂ ಬಗ್ಗಿ ಬಗ್ಗಿ, ಎಲೆ ಸಾಲದು, ಗಾಳಿ ಸಾಲದು ಎಂದು ಅರ್ಧ ಗಂಟೆ ಉಪನ್ಯಾಸ ಮಾಡಿದೆ.

ಐದನೆಯ ಹಂತದ ಹುಳು ಸೊಪ್ಪು ತಿನ್ನುವಾಗ ಮನೆಯ ತುಂಬ ಸರಸರ ಸದ್ದು. ನನ್ನ ಉಪನ್ಯಾಸ ಮುಗಿಯುವ ಹೊತ್ತಿಗೆ ಆ ಸದ್ದು ನನ್ನ ಸುತ್ತಮುತ್ತ ನಿಂತುಹೋಗಿತ್ತು. ಹತ್ತಿರದ ತಟ್ಟೆಗಳ ಹುಳುಗಳು ಎಲೆ ಬಿಟ್ಟು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿದ್ದವು. ಸೊಪ್ಪಿನ ಮಂಕರಿ ಹಿಡಿದು ಬಂದ ಸಾಕಮ್ಮ ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮೂಗು ಅರಳಿಸಿದಳು. ಮನೆಗೆ ಬಂದ ಅತಿಥಿ, ಅದರ ಮೇಲೆ ಪಾಠ ಹೇಳಿದ ಮೇಡಂ, ಹೇಗೆ ಹೇಳುವುದು? ಮಂಕರಿ ಕೆಳಗಿಟ್ಟು, ಹತ್ತಿರದ ತಟ್ಟೆಯೊಂದನ್ನು ನನ್ನಿಂದ ಆಚೆಗೆ ಸರಿಸಿದಳು. ಹೊಸ್ತಿಲಿಗೆ ಬಂದ ಚಿಕ್ಕತಾಯಮ್ಮನಿಗೆ ಅಂಥ ದಾಕ್ಷಿಣ್ಯವಿರಲಿಲ್ಲ.

“ಮೇಡಮ್ಮ, ಅದೇನ್ ಗಾಟು ನಿನ್ ಮೈಮ್ಯಾಲೆ? ಡಾಂಬ್ರು ಗುಳಿಗೆ ಅಲ್ವಾ? ಈಚೆ ಬಾ ಮೊದ್ಲು!”

ನನ್ನ ಬಾಯಿಂದಲೇ ಹೊರಟ ಪಟ್ಟಿ ನನ್ನ ಮೈಮೇಲೆಯೇ ಇತ್ತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಂಗಳಕ್ಕೆ ಓಡಿದೆ. ನೈಟಿಯ ಜೊತೆ ಇಡೀ ದಿನ ಸಹವಾಸ ಮಾಡಿದ್ದ ಚೀಲವನ್ನೂ ಅದರೊಳಗಿದ್ದ ನನ್ನ ಸೀರೆಯನ್ನೂ ಚಿಕ್ಕತಾಯಮ್ಮ ಕೋಲಿನ ತುದಿಯಲ್ಲಿ ಎತ್ತಿ, ಸತ್ತ ಇಲಿಯನ್ನು ಒಯ್ಯುವಂತೆ ಒಯ್ದು ದೂರದ ಹುಣಸೆ ಮರಕ್ಕೆ ತೂಗುಹಾಕಿದರು. ಬಚ್ಚಲಲ್ಲಿ ಸೀಗೆಪುಡಿ ಉಜ್ಜಿ ಮಿಂದು ಬಂದ ನನಗೆ ತಮ್ಮದೇ ಒಂದು ಹಳೆಯ ಸೀರೆ ಕೊಟ್ಟರು. ನೂರು ಸಲ ಒಗೆದು ಮೆತ್ತಗಾದ, ಬಿಸಿಲಿನ ಮತ್ತು ಒಲೆಬೂದಿಯ ವಾಸನೆಯ ಸೀರೆ. ಅಷ್ಟು ಹಿತವಾದ ಬಟ್ಟೆಯನ್ನು ನಾನು ಅದುವರೆಗೆ ಉಟ್ಟಿರಲಿಲ್ಲ, ಅಷ್ಟು ಅಳು ಬಂದದ್ದೂ ಇರಲಿಲ್ಲ.

ಕಿಟಕಿ ಬಾಗಿಲುಗಳನ್ನೆಲ್ಲ ತೆರೆದೆವು. ಹೆಚ್ಚು ನೊಂದಿದ್ದ ನಾಲ್ಕು ತಟ್ಟೆಗಳನ್ನು ಒಳ್ಳೆಯ ಗಾಳಿಗೆ ಒಯ್ಯಬೇಕಿತ್ತು, ಜಗಲಿಯೊಂದೇ ಜಾಗ. ಹುಳು ಕಂಡರಾಗದ ಚಿಕ್ಕತಾಯಮ್ಮ ತಮ್ಮ ಚಾಪೆಯನ್ನು ಸುತ್ತಿ ಮೂಲೆಗೆ ಎಸೆದು, ತಾವೇ ತಟ್ಟೆಗಳನ್ನು ತಂದಿಟ್ಟು, ಇರುವೆ ಹತ್ತದಂತೆ ಸುತ್ತ ಬೂದಿಯ ಗೆರೆ ಎಳೆದು, ಗೋಡೆಗೊರಗಿ ಕಾವಲು ಕೂತರು. ಹಟ್ಟಿಗೆ ತೋಳ ಬಂದ ದಿನವೂ ಅವರು ಹೀಗೇ ಕೂರುತ್ತಿದ್ದರೇನೋ.

ನಾನು ಅವರ ಪಕ್ಕ ಕೂತೆ. “ಅಮ್ಮ, ಈ ಬೆಳೆ ಹೋದ್ರೆ ತಪ್ಪು ನಂದು. ಸಾಕಮ್ಮನ ತಟ್ಟೆ ಅಟ್ಟಕ್ಕೆ ಹಾಕ್ಬೇಡಿ,” ಎಂದೆ. ಅವರು ಬೂದಿಯ ಗೆರೆಯನ್ನು ಇನ್ನೊಮ್ಮೆ ತಿದ್ದಿದರು. “ಮಲೀಕೋ ಮಗ,” ಎಂದರು. ಮೇಡಮ್ಮ ಎಂಬ ಪದವಿ ನೈಟಿಯ ಜೊತೆಗೇ ಹುಣಸೆ ಮರ ಸೇರಿತ್ತು. ಅದಕ್ಕಾಗಿ ನನಗೆ ಕಿಂಚಿತ್ತೂ ದುಃಖವಾಗಲಿಲ್ಲ.

ಬೆಳಗಾದಾಗ ನಡುಮನೆಯ ಹತ್ತು ತಟ್ಟೆಗಳಲ್ಲೂ ಸದ್ದು ಮರಳಿತ್ತು. ಜಗಲಿಯ ಮೂರರಲ್ಲಿ ಹುಳು ಮಂಕಾಗಿತ್ತಾದರೂ ಎಲೆಯ ಅಂಚು ಕಡಿಯುತ್ತಿತ್ತು. ನನ್ನ ದಿಂಬಿನ ಮಗ್ಗುಲಿಗೇ ಇದ್ದ ನಾಲ್ಕನೆಯ ತಟ್ಟೆಯ ಹುಳು ಮಾತ್ರ ಏಳಲಿಲ್ಲ. ಅದನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚುವಾಗ ಸಾಕಮ್ಮ ನನ್ನ ಕಡೆ ನೋಡಲಿಲ್ಲ, ನನಗೆ ನೋವಾದೀತೆಂದು. ಅವಳ ಆ ಸೌಜನ್ಯ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಚಿಕ್ಕತಾಯಮ್ಮ ಕೊಟ್ಟ ಸೀರೆಯಲ್ಲೇ ರಾಮನಗರಕ್ಕೆ ಮರಳಿದವಳು ಟ್ರಂಕಿನ ಗುಳಿಗೆಗಳನ್ನೆಲ್ಲ ಆಚೆಗೆಸೆದೆ; ಆದರೆ ಎರಡು ವಾರ ಪೂರ್ತಿ ನನ್ನ ಕಣ್ಣ ಮುಂದೆ ಇದ್ದದ್ದು ಆ ಮನೆಯ ಅಟ್ಟದ ಏಣಿ.

ಎರಡು ವಾರ ಕಳೆದು, ಒಗೆದು ಇಸ್ತ್ರಿ ಮಾಡಿದ ಆ ಸೀರೆಯೊಂದಿಗೆ ಮತ್ತೆ ಹೋದೆ. ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ, ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳ ಸುರುಳಿಯೊಳಗೆಲ್ಲ ಹಳದಿ ಗೂಡುಗಳು. ಕೆಲವು ತೆಳುವಾಗಿದ್ದವು, ಕೆಲವು ಹುಳು ಗೂಡು ಕಟ್ಟದೆಯೇ ಉಳಿದಿದ್ದವು, ಹೇಳಿಕೊಳ್ಳುವಂಥ ಬೆಳೆಯೇನಲ್ಲ. ಸಾಕಮ್ಮ ಒಂದೊಂದೇ ಗೂಡು ಬಿಡಿಸುತ್ತ, ಅತ್ತೆ ಏನು ಹೇಳುತ್ತಾರೋ ಎಂದು ತಲೆ ಎತ್ತದೆ ಕೂತಿದ್ದಳು. ನಾನು ಸೀರೆಯನ್ನು ಚಿಕ್ಕತಾಯಮ್ಮನ ಕೈಗಿಟ್ಟೆ. ಅವರು ಅದನ್ನು ಮೂಗಿಗೆ ಹಿಡಿದು, ದೀರ್ಘವಾಗಿ ಮೂಸಿ ನೋಡಿ, ತೃಪ್ತರಾಗಿ, ಒಳಗೆ ಹೋಗಿ ಬಟ್ಟೆ ಹಾಕುವ ಗಳುವಿನ ಮೇಲೆ ಒಂದು ತುದಿಗೆ ಬೇರೆಯಾಗಿ ಇಳಿಬಿಟ್ಟರು.

“ಇದು ನಿಂದೇಯ, ಇಲ್ಲೇ ಇರ್ಲಿ. ಮುಂದಿನ್ ಬೆಳೆಗೆ ಬತ್ತೀಯಲ್ಲ, ಆಗ ಉಟ್ಕೊಂಡ್ ಮಲೀಕೋ.”

ಸಾಕಮ್ಮನ ಕೈಯಲ್ಲಿದ್ದ ಗೂಡು ಕೈಯಲ್ಲೇ ಉಳಿಯಿತು. “ಅತ್ಯಮ್ಮ, ಮುಂದಿನ್ ಬೆಳೆ ಅಂದ್ರಾ?”

“ಯಾಕೆ, ಕಿವಿ ಕೇಳಾಕಿಲ್ವಾ? ಓಗು, ತಟ್ಟೆ ತೊಳ್ದು ಬಿಸ್ಲಿಗ್ ಹಾಕು.”

ಆ ಹುಡುಗಿ ಎದ್ದವಳು ತಟ್ಟೆಗಳ ಕಡೆ ಹೋಗಲಿಲ್ಲ. ನೇರವಾಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು, ನಾನೂ ಅತ್ತೆ, ಚಿಕ್ಕತಾಯಮ್ಮ ನಮ್ಮಿಬ್ಬರನ್ನೂ ಬೈದರು. ಮುಂದೆ ಎಷ್ಟೋ ಊರುಗಳಿಗೆ ಚೀಲ ಕಟ್ಟುವಾಗ ಅದೇ ಹಳೆಯ ಗೊಂದಲ, ಒಳಗೆ ಹಾಕಿದ್ದು ಹೊರಗೆ, ಹೊರಗೆ ತೆಗೆದದ್ದು ಒಳಗೆ. ಸಾಕಮ್ಮನ ಊರಿಗೆ ಹೊರಟ ದಿನ ಮಾತ್ರ ಆ ಯೋಚನೆ ಇರುತ್ತಿರಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದೆ.