ಸುಸಲಾ ಉಳಿದ ಭಾನುವಾರ

ಕಳೆದ ಭಾನುವಾರ ವಾಮನರಾವ್ ಸರ್ ಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಸುಸಲಾ ಉಳಿಯಿತು.

(ಚುರುಮುರಿ ನೆನೆಸಿ, ಹಿಂಡಿ, ಪುಠಾಣಿ ಅಂದರೆ ಹುರಿಗಡಲೆಯ ಪುಡಿ ಉದುರಿಸಿ, ಒಗ್ಗರಣೆ ಹಾಕುವ ನಮ್ಮ ಕಡೆಯ ತಿಂಡಿ. ತಿಂದು ಗೊತ್ತಿಲ್ಲದವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ.)

ಮಿಯಾಪುರದ ಆ ಫ್ಲ್ಯಾಟಿನಲ್ಲಿ ಭಾನುವಾರ ಬೆಳಿಗ್ಗೆ ಸುಸಲಾ ಉಳಿದದ್ದನ್ನು ನಾನು ಕಂಡವಳೇ ಅಲ್ಲ. ತಡವಾಗಿ ಬಂದವರಿಗೆ ತಳದ ಮೆಣಸಿನಕಾಯಿ ಮಾತ್ರ ಸಿಗುತ್ತಿತ್ತು. ಈ ಸಲ ಬಂದವಳು ನಾನೊಬ್ಬಳೇ.

ಕಾರಣ? ಒಂದು ವಾಟ್ಸಾಪ್ ಗುಂಪು. ಈಗಿನ ಕಾಲದಲ್ಲಿ ಇನ್ನೇನಿರುತ್ತದೆ?

ವಾಮನರಾವ್ ಸರ್ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಔಷಧ ಕಂಪನಿಗಳಿಗೆ ಟ್ಯಾಂಕು, ರಿಯಾಕ್ಟರು ಡಿಸೈನ್ ಮಾಡುತ್ತಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ಇದೇ ಕೆಲಸಕ್ಕೆ ಬಿದ್ದ ನಮ್ಮಂಥವರಿಗೆಲ್ಲ ಅವರು ಮೇಷ್ಟ್ರು. ಆಫೀಸಿನಲ್ಲಿ ತೆಲುಗು, ಲಿಫ್ಟಿನಲ್ಲಿ ಹಿಂದಿ ಮಾತಾಡಿ ದಣಿದವರು ಭಾನುವಾರ ಅವರ ಮನೆಯಲ್ಲಿ ಬಾಯಿ ತುಂಬ ಕನ್ನಡ ಮಾತಾಡುತ್ತಿದ್ದೆವು. ವಾರದ ಉಳಿದ ದಿನಗಳಿಗೆಂದು ಅವರೇ ಒಂದು ಡಿಸೈನ್ ಗುಂಪು ಮಾಡಿದರು.

ಗುಂಪಿಗೆ ಒಂದೇ ಕಟ್ಟಳೆ. ಪ್ರಶ್ನೆ ಕೇಳುವವರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು, ಅದರ ಫೋಟೋ ಹಾಕಿ ಕೇಳಬೇಕು. ಚಿತ್ರವಿಲ್ಲದ ಪ್ರಶ್ನೆಗೆ ಸರ್ ಉತ್ತರ ಕೊಡುತ್ತಿರಲಿಲ್ಲ. ಚಿತ್ರ ಬರೆಯುವಾಗಲೇ ಅರ್ಧ ಉತ್ತರ ಹೊಳೆಯುತ್ತದೆ ಎನ್ನುವುದು ಅವರ ನಂಬಿಕೆ. ನಿಜ ಹೇಳಬೇಕೆಂದರೆ ಹೊಳೆಯುತ್ತಿತ್ತು ಕೂಡ. ನಾನಂತೂ ಎಷ್ಟೋ ಸಲ ಬರೆದು ಮುಗಿಸುವಷ್ಟರಲ್ಲಿ ನಾಚಿ ಹರಿದುಹಾಕಿದ್ದೇನೆ.

ಹೀಗಿರುವಾಗ ಸುಜಾತಾ ಒಂದು ಸ್ಕ್ರೀನ್‌ಶಾಟ್ ಹಾಕಿದಳು.

ಸುಜಾತಾ ಸರ್‌ಗೆ ಎಲ್ಲರಿಗಿಂತ ಮೆಚ್ಚಿನವಳು. ಮಗಳಿಗಿಂತ ಹೆಚ್ಚು ಎಂದು ವೈನಿಯೇ (ಅಂದರೆ ಸರ್ ಹೆಂಡತಿ, ನಮಗೆಲ್ಲ ಅವರು ವೈನಿ) ಛೇಡಿಸುತ್ತಿದ್ದರು. ಉಪ್ಪಲ್‌ನಿಂದ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಇಳಿದು ಗಾಡಿ ಬದಲಿಸಿ, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ ಹಿಡಿದು ತಪ್ಪದೆ ಬರುತ್ತಿದ್ದಳು. ಹೊಸ ಕಂಪನಿ ಸೇರಿದ್ದಳು. ಮೊದಲ ಬಾರಿಗೆ ಒಂದು ಆಸಿಡ್ ಟ್ಯಾಂಕು ಪೂರ್ತಿ ಅವಳ ಕೈಗೆ ಬಂದಿತ್ತು. ತಗಡಿನ ದಪ್ಪ ಎಷ್ಟಿರಬೇಕೆಂದು ಸರ್ ಕಲಿಸಿದ ಹಾಗೆ ಕೈಲೆಕ್ಕ ಮಾಡಿದ್ದಳು. ಅದೇ ಲೆಕ್ಕ ಹಾಕುವ ಕಂಪನಿಯ ಸಾಫ್ಟ್‌ವೇರ್ ಅದಕ್ಕಿಂತ ಹೆಚ್ಚು ದಪ್ಪ ಕೇಳುತ್ತಿತ್ತು. ಎರಡಕ್ಕೂ ಯಾಕೆ ತಾಳೆಯಾಗುವುದಿಲ್ಲ ಎಂದು ಗಿರಾಕಿ ಕಂಪನಿಯವರು ಪಟ್ಟು ಹಿಡಿದಿದ್ದರು. ಅದನ್ನೇ ಗುಂಪಿನಲ್ಲಿ ಕೇಳಿದಳು.

ಸರ್ ನೋಡಿದರು, ತೆಗೆದುಹಾಕಿದರು. ಕೆಳಗೊಂದು ಸಾಲು ಹಾಕಿದರು: ‘ಇದು ಡಿಸೈನ್ ಗುಂಪು. ಸಾಫ್ಟ್‌ವೇರ್ ಪ್ರಶ್ನೆಗೆ ಹೆಲ್ಪ್‌ಲೈನ್ ಇದೆ.’

ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಉತ್ತರ ಗೊತ್ತಿದ್ದವರು ಇರಲಿಲ್ಲವೇ? ಇದ್ದಿರಬೇಕು. ಆದರೆ ಸರ್ ತೆಗೆದ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ಸರ್‌ಗೆ ಎದುರು ಮಾತಾಡಿದಂತೆ ಎಂದು ನಮ್ಮ ಲೆಕ್ಕ. ದೊಡ್ಡವರ ಮರ್ಯಾದೆ ಕಾಯುವುದರಲ್ಲಿ ನಾವು ಎತ್ತಿದ ಕೈ. ನನ್ನ ಕೆಲಸ ಬರೀ ಪೈಪಿನದು. ಟ್ಯಾಂಕಿನ ದಪ್ಪ ನನಗೆ ಗೊತ್ತಾಗುವುದಿಲ್ಲ. ಆ ಸ್ಕ್ರೀನ್‌ಶಾಟ್ ಮಾತ್ರ, ಅಳಿಸುವ ಮೊದಲೇ ಸುಮ್ಮನೆ ಉಳಿಸಿಕೊಂಡಿದ್ದೆ.

ಸುಜಾತಾಗೆ ಫೋನ್ ಮಾಡಿದರೆ ಅವಳು ಅಳಲಿಲ್ಲ, ಬೈಯಲೂ ಇಲ್ಲ. “ಯಾವ ಬಟನ್ ಒತ್ತಬೇಕು ಅಂತ ಕೇಳಿರ್ಲಿಲ್ರಿ ಅಕ್ಕಾ. ಯಾಕ ಹೆಚ್ಚಿಗಿ ಬರಾಕತ್ತೈತಿ ಅಂತ ಕೇಳಿದ್ದೆ” ಎಂದಳು. ಅಷ್ಟೇ. ಗಿರಾಕಿಗೆ ಉತ್ತರ ಹೇಳಲಾಗದೆ ಆ ಟ್ಯಾಂಕು ಬೇರೆಯವರ ಪಾಲಾಯಿತು. ಈಗ ಅವಳು ಇನ್ನೊಬ್ಬರ ಡ್ರಾಯಿಂಗ್ ತಿದ್ದುತ್ತ ಕೂತಿದ್ದಾಳೆ.

ಮುಂದಾಗುವುದು ನಿಮಗೆ ಗೊತ್ತೇ ಇದೆ. ಗುಂಪು ಒಡೆಯಿತು. ಸುಜಾತಾ ತನ್ನದೇ ಸಾಫ್ಟ್‌ವೇರ್ ಗುಂಪು ಮಾಡಿದಳು. ಅಲ್ಲಿಯೂ ಒಂದೇ ಕಟ್ಟಳೆ: ಸ್ಕ್ರೀನ್‌ಶಾಟ್ ಹಾಕಿ ಕೇಳಿ, ಡಿಸೈನ್ ಚರ್ಚೆ ಬೇಡ. ನಮ್ಮ ಜನ ಒಬ್ಬೊಬ್ಬರಾಗಿ ಅಲ್ಲಿ ಸೇರಿಕೊಂಡರು. ಸರ್ ಗುಂಪನ್ನು ಬಿಟ್ಟವರು ಯಾರೂ ಇಲ್ಲ (ಅದೂ ಮರ್ಯಾದೆಯೇ). ಆದರೆ ಅಲ್ಲೀಗ ಗುಲಾಬಿ ಹೂವಿನ ಶುಭೋದಯ ಬಿಟ್ಟರೆ ಏನೂ ಬರುವುದಿಲ್ಲ. ಭಾನುವಾರ ಬರುವವರೂ ಕಡಿಮೆಯಾದರು. ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಮಕ್ಕಳ ಪರೀಕ್ಷೆ. ಸುಜಾತಾಳ ಡಬ್ಬಿ ವೈನಿಯ ಅಡುಗೆಮನೆಯಲ್ಲೇ ಉಳಿದಿತ್ತು.

ನಾನು ಎರಡೂ ಗುಂಪಿನಲ್ಲಿದ್ದೇನೆ. ಎರಡೂ ಕಡೆಯವರು ನನ್ನನ್ನು ಒಂದಿಷ್ಟು ಅನುಮಾನದಿಂದಲೇ ನೋಡುತ್ತಾರೆ. ಇರಲಿ.

ಹೀಗೆ ಕೆಲವು ವಾರ ಹೋದ ಮೇಲೆ ಒಂದು ಶನಿವಾರ ಮಧ್ಯಾಹ್ನ ಸರ್ ಬಸ್ಸಿನಲ್ಲಿ ಪಟಾನ್‌ಚೆರುವಿಗೆ, ನಮ್ಮ ಆಫೀಸಿಗೇ ಬಂದರು. ನಮ್ಮಲ್ಲಿ ಆ ಸಾಫ್ಟ್‌ವೇರ್ ಇದೆ. ಸುಜಾತಾಳ ಪ್ರಶ್ನೆ ನನ್ನ ಬಳಿ ಇದೆಯೇ ಎಂದು ಕೇಳಿದರು. ತೆಗೆದು ತೋರಿಸಿದೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಮೌಸ್ ಮುಟ್ಟಲಿಲ್ಲ. ಅವರು ಅಂಕಿ ಹೇಳುವುದು, ನಾನು ತುಂಬುವುದು. ಒಂದು ಅಂಕಿ ಬದಲಿಸು, ಏನಾಗುತ್ತದೆ ನೋಡೋಣ ಎನ್ನುವರು. ಮುಂದಿನ ಶನಿವಾರವೂ ಬಂದರು. ಅಂದು ಸಂಜೆ ಲೆಕ್ಕ ಹಾಕುತ್ತಿದ್ದ ಪೆನ್ಸಿಲ್ ಕೆಳಗಿಟ್ಟರು.

ವಿಷಯ ಇಷ್ಟು. ಆಸಿಡ್ ಟ್ಯಾಂಕನ್ನು ತುಕ್ಕು ಒಳಗಿನಿಂದ ತಿನ್ನುತ್ತದೆ. ತಿನ್ನಲಿ ಎಂದೇ ಸ್ವಲ್ಪ ದಪ್ಪ ಹೆಚ್ಚಿಗೆ ಬಿಡುತ್ತಾರೆ. ಆದರೆ ತಿಂದಂತೆಲ್ಲ ಟ್ಯಾಂಕಿನ ಒಳಗಿನ ಅಗಲ ದೊಡ್ಡದಾಗುತ್ತದಲ್ಲ? ಅಗಲ ಹೆಚ್ಚಿದಷ್ಟೂ ತಗಡು ದಪ್ಪ ಬೇಕು. ಸಾಫ್ಟ್‌ವೇರ್ ಆ ಸವೆದ ಅಗಲವನ್ನು ಹಿಡಿದು ಲೆಕ್ಕ ಹಾಕುತ್ತಿತ್ತು. ಸರ್ ನಮಗೆಲ್ಲ ಕಲಿಸಿದ ಸುಲಭದ ಕೈಲೆಕ್ಕದಲ್ಲಿ ಹೊಸ ಟ್ಯಾಂಕಿನ ಅಗಲ ಹಿಡಿದು, ತುಕ್ಕಿನ ಪಾಲನ್ನು ಕೊನೆಗೆ ಸೇರಿಸುತ್ತಿದ್ದೆವು. ಸಾಫ್ಟ್‌ವೇರ್ ಹೇಳಿದ್ದೇ ಸರಿ.

ಹಾಗಾದರೆ ಸುಜಾತಾ ಕೇಳಿದ್ದು ಸಾಫ್ಟ್‌ವೇರ್ ಪ್ರಶ್ನೆಯೇ? ಡಿಸೈನ್ ಪ್ರಶ್ನೆಯೇ? ಬಾಣಲೆ ಬಗ್ಗೆ ಕೇಳಿದರೆ ಅಡುಗೆ ಬಗ್ಗೆ ಕೇಳಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ಕಳೆದ ಭಾನುವಾರ ನಾನು ಹೋದಾಗ ಸರ್ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಸುಸಲಾ ಜಾಸ್ತಿ ಮಾಡು, ಇವತ್ತು ಎಲ್ಲರೂ ಬರುತ್ತಾರೆ ಎಂದು ವೈನಿಗೆ ಹೇಳಿದ್ದರಂತೆ. ಸಾಫ್ಟ್‌ವೇರ್ ಗುಂಪಿಗೆ ತಮ್ಮನ್ನೂ ಸೇರಿಸಲು ನನಗೆ ಹೇಳಿದರು. ಅಲ್ಲಿ ಯಾರು ಬೇಕಾದರೂ ಯಾರನ್ನಾದರೂ ಸೇರಿಸಬಹುದು. ಸೇರಿಸಿದೆ. ಸರ್ ತಾವು ಬರೆದಿಟ್ಟ ಹಾಳೆಯ ಫೋಟೋ ತೆಗೆದು ಹಾಕಿದರು. ಪೆನ್ಸಿಲ್ಲಿನ ಅಚ್ಚುಕಟ್ಟಾದ ಟ್ಯಾಂಕು, ಒಳಗೆ ಚುಕ್ಕೆಯಿಟ್ಟು ತೋರಿಸಿದ ಸವೆತ, ಪಕ್ಕದಲ್ಲಿ ಲೆಕ್ಕ. ಎಲ್ಲಕ್ಕಿಂತ ಕೆಳಗೆ, ‘ಸುಜಾತಾ, ನನ್ನ ಲೆಕ್ಕದಲ್ಲೇ ತಪ್ಪಿತ್ತು, ನಿನ್ನ ಪ್ರಶ್ನೆ ಸರಿ ಇತ್ತು’ ಎಂದು ಬರೆದಿದ್ದರು.

ವೈನಿ ಚಹಾ ತಂದಿಟ್ಟರು. ಅದು ಆರುವ ಮೊದಲೇ ಫೋಟೋ ಮಾಯವಾಯಿತು. ‘ಅಡ್ಮಿನ್ ಸುಜಾತಾ ಈ ಮೆಸೇಜನ್ನು ಅಳಿಸಿದ್ದಾರೆ’ ಎಂದು ಕಾಣಿಸಿತು. ಬೆನ್ನಿಗೇ ಇನ್ನೊಂದು ಸಾಲು: ಡಿಸೈನ್ ವಿಷಯ ಇಲ್ಲಿ ಬೇಡ.

ಸರ್ ಕನ್ನಡಕ ತೆಗೆದರು. ಒರೆಸಿಕೊಂಡು ಮತ್ತೆ ನೋಡಿದರು.

“ಓದಿ ತೆಗದಾಳೇನು?” ಎಂದು ಕೇಳಿದರು.

ಇಷ್ಟು ಬೇಗ ಯಾರು ಓದುತ್ತಾರೆ? ಹೆಸರನ್ನೂ ನೋಡಿರಲಿಕ್ಕಿಲ್ಲ, ಪೆನ್ಸಿಲ್ ಚಿತ್ರ ಕಂಡದ್ದೇ ತೆಗೆದಿರುತ್ತಾಳೆ ಎಂದೆ.

“ಹೌದು. ಅವತ್ತು ನಾನೂ ಓದಿರ್ಲಿಲ್ಲ” ಎಂದರು.

ಮೇಷ್ಟ್ರಿಂದ ಇಷ್ಟೆಲ್ಲ ಒಳ್ಳೆಯದನ್ನು ಕಲಿತ ಹುಡುಗಿ, ಇದನ್ನೂ ಅವರಿಂದಲೇ ಕಲಿಯಬೇಕಿತ್ತೇ? ಬಾಗಿಲ ಬೆಲ್ ಆದರೆ ಸಾಕು, ಸರ್ ಅತ್ತ ನೋಡುತ್ತಿದ್ದರು. ಒಮ್ಮೆ ಹಾಲಿನವನು, ಒಮ್ಮೆ ಪಕ್ಕದ ಮನೆಯವರು. ಹೊರಡುವಾಗ ವೈನಿ ಉಳಿದ ಸುಸಲಾವನ್ನು ಸುಜಾತಾಳ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು. ಆಕೆಗೆ ಮುಟ್ಟಿಸು ಎಂದರು.

ಮಿಯಾಪುರ ಸ್ಟೇಷನ್ನಿನಲ್ಲಿ ನಿಂತೇ ಸುಜಾತಾಗೆ ಫೋನ್ ಹಚ್ಚಿದೆ. ಆ ಹಾಳೆಯಲ್ಲಿ ಏನಿತ್ತು, ಕೊನೆಯ ಸಾಲಿನಲ್ಲಿ ಸರ್ ಏನು ಬರೆದಿದ್ದರು, ಎಲ್ಲ ಹೇಳಿದೆ. ಒಂದು ಗಾಡಿ ಬಂತು, ಹೋಯಿತು.

“ಅಕ್ಕಾ, ಅಳಿಸಿದ್ದನ್ನ ವಾಪಸ್ ಹೆಂಗ ತರೂದ್ರಿ?” ಎಂದಳು.

ಈಗ ನೀವೇ ಹೇಳಿ, ಇದನ್ನು ಯಾವ ಗುಂಪಿನಲ್ಲಿ ಕೇಳಲಿ?